ನಾಲ್ಕು ಕೋಟೆಗಳು, ಎರಡು ಹಳೆಯ ನುಡಿಗಳು

ತುಮಕೂರನ್ನು ಬಿಟ್ಟು ಕೊರಟಗೆರೆಯ ದಾರಿ ಹಿಡಿದ ಪ್ರಯಾಣಿಕನಿಗೆ ಮೊದಲು ಕಾಣುವುದು ಬೆಟ್ಟ, ಅನಂತರ ಊರು. ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಮೆ, ಬಂಡೆ ಹೆಚ್ಚು. ಬಂಡೆಯಿದ್ದ ಕಡೆಗಳಲ್ಲಿ ಕೋಟೆಗಳೆದ್ದವು; ಕೋಟೆಗಳೆದ್ದ ಮೇಲೆ ಮುತ್ತಿಗೆ, ಸೋಲು, ಸೆರೆ ಇವೂ ತಪ್ಪಲಿಲ್ಲ.

ಇಂತಹ ಸೀಮೆಯ ಹುಡುಗನೊಬ್ಬನು ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯಗಳಲ್ಲಿ ಎಂ.ಎ. ಮಾಡುವೆನೆಂದು ಹೊರಟರೆ ಮನೆಯಲ್ಲಿ ಏನೆಂದಾರು? “ಅದನ್ನು ಓದಿದರೆ ಕೆಲಸ ಎಲ್ಲಿ ಸಿಕ್ಕೀತಪ್ಪ?” ಎಂದು ತಂದೆ ಕೇಳುವರು. “ಅಷ್ಟು ದೂರ ಹೋಗಲೇಬೇಕೆ?” ಎಂದು ತಾಯಿ ಕೇಳುವಳು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಜಗಲಿಯ ಮೇಲೆ ಕುಳಿತ ಅಜ್ಜನು ಮಾತ್ರ ಮೂರನೆಯದೊಂದನ್ನು ಕೇಳಬಹುದು: “ಆ ಯವನರಿಗೂ ನಮಗೂ ಏನು ಸಂಬಂಧ?” ಇದಕ್ಕೆ ಉತ್ತರವನ್ನು ಹುಡುಕಲು ಈ ನಾಲ್ಕು ಊರುಗಳ ದಾರಿಯನ್ನೇ ಒಮ್ಮೆ ನಡೆದುಬಂದರೆ ಸಾಕು.

ಕೊರಟಗೆರೆ ಈ ದಾರಿಯ ಹೆಬ್ಬಾಗಿಲು. ದೇವರಾಯನದುರ್ಗದ ಕಡೆಯಿಂದ ಇಳಿದುಬರುವ ಜಯಮಂಗಲಿ ಈ ಸೀಮೆಯ ಹೊಳೆ. ವರ್ಷದ ಬಹು ಭಾಗ ಅದು ಮರಳಿನ ಹೊಳೆಯೇ. ಒಂದೆಡೆ ಗುಹೆಗಳಿಗೂ ಮೂಲಿಕೆಗಳಿಗೂ ಹೆಸರಾದ ಸಿದ್ಧರಬೆಟ್ಟ, ಇನ್ನೊಂದೆಡೆ ಚನ್ನರಾಯನದುರ್ಗದ ಪಾಳುಕೋಟೆ. ಇಲ್ಲಿನ ಕಾಲೇಜುಗಳಲ್ಲಿ ಗ್ರೀಕ್ ಪಾಠವಿಲ್ಲ, ಲ್ಯಾಟಿನ್ ಪಾಠವೂ ಇಲ್ಲ. ಹಿಂದೆ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಲ್ಲಿ ಸಂಸ್ಕೃತದೊಡನೆ ಈ ಭಾಷೆಗಳಿಗೂ ಸ್ಥಾನವಿದ್ದಿತು. ಇಂದು ಹತ್ತಿರದಲ್ಲಿ ಗ್ರೀಕ್ ಕಲಿಯಬೇಕೆಂದರೆ ಬೆಂಗಳೂರಿನ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾಲಯಗಳತ್ತ ನೋಡಬೇಕು. 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಅಂತಹುದೊಂದು. ಅಲ್ಲಿಯಾದರೂ ಕಲಿಸುವುದು ಬೈಬಲ್ಲನ್ನು ಓದಲು ಬೇಕಾದ ಗ್ರೀಕ್. ಹೋಮರನ ಗ್ರೀಕ್ ಅದಕ್ಕಿಂತ ಬಹಳ ಹಳೆಯದು.

ಆದರೂ ಈ ಜಿಲ್ಲೆಗೆ ಯವನ ಸಾಹಿತ್ಯ ಅಪರಿಚಿತವಲ್ಲ. ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಜನಿಸಿದರು. ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದರು. ಈಸ್ಕಿಲಸನ ‘ಪರ್ಷಿಯನರು’ 1935ರಲ್ಲಿ ‘ಪಾರಸಿಕರು’ ಆಯಿತು. ಈ ಎರಡು ನಾಟಕಗಳ ಆಯ್ಕೆ ಗಮನಿಸತಕ್ಕದ್ದು. ಒಂದರಲ್ಲಿ, ಮಾನಭಂಗದಿಂದ ಬುದ್ಧಿ ಕೆಟ್ಟು, ತನ್ನ ಕತ್ತಿಗೆ ತಾನೇ ಬಲಿಯಾಗುವ ವೀರ. ಇನ್ನೊಂದರಲ್ಲಿ, ಯುದ್ಧದಲ್ಲಿ ಸೋತ ಶತ್ರುವಿನ ಅರಮನೆಯ ಗೋಳು. ಪಾರಸಿಕರ ಮೇಲೆ ಸ್ವತಃ ಆಯುಧ ಹಿಡಿದಿದ್ದ ಈಸ್ಕಿಲಸನು ಗೆದ್ದ ಅಥೆನ್ಸಿನ ಜನರ ಮುಂದೆ ಸೋತವರ ಕಣ್ಣೀರನ್ನು ಆಡಿ ತೋರಿಸಿದನು. ಈ ಸಾಹಿತ್ಯದಿಂದ ಕಲಿಯಬೇಕಾದ ಮೊದಲನೆಯ ಪಾಠ ಇದೇ.

ಆ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಮಧುಗಿರಿಗೆ ಬರಬೇಕು. ಊರಿನ ನೆತ್ತಿಯ ಮೇಲೆಯೇ ನಿಂತಂತಿರುವ ಈ ಏಕಶಿಲೆಯ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರವಾಗಿದೆ. ಕೆಳಗೆ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳು ನೆರೆಹೊರೆಯವರಂತೆ ಅಕ್ಕಪಕ್ಕದಲ್ಲಿವೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಕೋಟೆಯ ಬಾಗಿಲುಗಳಿಗೆ ಹೆಸರು. ಮೇಲೇರುತ್ತ ಹೋದಂತೆ ಮೆಟ್ಟಿಲುಗಳು ಮುಗಿದು, ಬಂಡೆಯಲ್ಲಿ ಕೊರೆದ ಕಚ್ಚುಗಳಷ್ಟೇ ಕಾಲಿಗೆ ಆಸರೆಯಾಗುತ್ತವೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ತಂದು ಸೆರೆಯಿಟ್ಟದ್ದು ಇಲ್ಲಿಯೇ. ಅಡಕೆ ತೋಟ, ಎಡೆಬಿಡದ ಮಳೆ, ಹಸುರು ಕಾಡು ಇವುಗಳ ನಡುವೆ ಬಾಳಿದವಳಿಗೆ ಈ ಕಾದ ಬಂಡೆಯೇ ಮನೆಯಾಯಿತು. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಚರಿತ್ರೆಯ ಪುಸ್ತಕಗಳಲ್ಲಿ ಈ ನಾಲ್ಕು ವರ್ಷಗಳಿಗೆ ದೊರೆತಿರುವುದು ಒಂದೆರಡು ಸಾಲು ಮಾತ್ರ.

ಕ್ರಿ.ಪೂ. 415ರಲ್ಲಿ ಯೂರಿಪಿಡೀಸನು ‘ಟ್ರಾಯ್ ನಗರದ ಹೆಂಗಸರು’ ಎಂಬ ನಾಟಕವನ್ನು ಅಥೆನ್ಸಿನಲ್ಲಿ ಆಡಿಸಿದನು. ಊರು ಸುಟ್ಟುಹೋಗಿದೆ, ಗಂಡಸರು ಸತ್ತಿದ್ದಾರೆ, ವೃದ್ಧ ರಾಣಿ ಹೆಕೂಬಳು ತಾನು ಯಾರ ದಾಸಿಯಾಗಬೇಕೆಂಬ ಮಾತಿಗಾಗಿ ಕಾಯುತ್ತ ನೆಲದ ಮೇಲೆ ಕುಳಿತಿದ್ದಾಳೆ. ನಾಟಕವೆಲ್ಲ ಈ ಕಾಯುವಿಕೆಯ ಸುತ್ತಲೇ ನಡೆಯುತ್ತದೆ. ಅದನ್ನು ಓದಿದ ಹುಡುಗನು ಮಧುಗಿರಿಯ ಬೆಟ್ಟವನ್ನು ಮತ್ತೊಮ್ಮೆ ಹತ್ತಿದರೆ, ಚರಿತ್ರೆಯ ಆ ಒಂದೆರಡು ಸಾಲುಗಳ ಹಿಂದೆ ಒಬ್ಬ ಹೆಂಗಸು ಕುಳಿತಿರುವುದು ಅವನಿಗೆ ಕಾಣಿಸದಿರದು. ಅಜ್ಜನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ದೊರೆಯಿತು.

ಮಧುಗಿರಿಯಿಂದ ಉತ್ತರಕ್ಕೆ ಪಾವಗಡ. ಬಹುಭಾಗ ಆಂಧ್ರಪ್ರದೇಶದಿಂದಲೇ ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಎರಡು ನುಡಿಗಳು ಮಗುವಿಗೆ ಹೊರೆಯೆಂದು ಇಲ್ಲಿ ಯಾರೂ ಅಂಜುವುದಿಲ್ಲ. ಹಳೆಯ ರೋಮಿನ ಶಿಷ್ಟರ ಮನೆಗಳಲ್ಲಿಯೂ ಹೀಗೆಯೇ; ಲ್ಯಾಟಿನ್ ಹೇಗೂ ಬರುವುದರಿಂದ ಹುಡುಗನಿಗೆ ಗ್ರೀಕನ್ನು ಮೊದಲು ಕಲಿಸಿರೆಂದು ಕ್ವಿಂಟಿಲಿಯನ್ ಎಂಬ ಉಪಾಧ್ಯಾಯನು ಬೋಧಿಸಿದನು. ಬಿಸಿಲನ್ನು ಶಪಿಸುತ್ತಿದ್ದ ಈ ಸೀಮೆ ಇಂದು ಬಿಸಿಲನ್ನೇ ಬೆಳೆಯುತ್ತಿದೆ: ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ, ರೈತರು ಗುತ್ತಿಗೆಗೆ ಕೊಟ್ಟ ಭೂಮಿಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವಿದೆ.

ಇದೇ ತಾಲ್ಲೂಕಿನ ನಿಡುಗಲ್ಲು ಚೋಳರ ಒಂದು ಶಾಖೆಗೆ ರಾಜಧಾನಿಯಾಗಿದ್ದಿತು. ಆ ಅರಸರು ಹೋದರು, ಶಾಸನಗಳು ಉಳಿದವು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವಾಗಿ ಅಚ್ಚು ಮಾಡಿಸಿದರು. ಹೆರೊಡೋಟಸನು ತನ್ನ ಚರಿತ್ರೆಯನ್ನು ಬರೆದದ್ದು ಯವನರ ಮತ್ತು ಅವರ ಶತ್ರುಗಳ, ಇಬ್ಬರ ಸಾಹಸಗಳೂ ಮರೆತುಹೋಗದಿರಲೆಂದು. ತುರು ಕಾಯಲು ಹೋಗಿ ಸತ್ತವನಿಗೆ ವೀರಗಲ್ಲು ನೆಟ್ಟ ಹಳ್ಳಿಗರ ಆಸೆಯೂ ಅದೇ ಅಲ್ಲವೆ?

ಪಾವಗಡದಿಂದ ಹಿಂದಿರುಗಿ ಸಿರಾಕ್ಕೆ ಬಂದರೆ ಕೋಟೆಯ ಗಾತ್ರಕ್ಕಿಂತ ಸಾಮ್ರಾಜ್ಯದ ಗಾತ್ರ ದೊಡ್ಡದು. ಕಸ್ತೂರಿ ರಂಗಪ್ಪನಾಯಕನು ಕಟ್ಟತೊಡಗಿದ ಊರು 1638ರಲ್ಲಿ ಬಿಜಾಪುರದವರ ಕೈಸೇರಿತು. 1687ರಿಂದ ಮೊಗಲರ ಪ್ರಾಂತಕ್ಕೆ ರಾಜಧಾನಿಯಾಯಿತು. 1761ರಲ್ಲಿ ಹೈದರಾಲಿಗೆ ‘ಸಿರಾದ ನವಾಬ’ ಎಂಬ ಬಿರುದನ್ನು ತಂದಿತು. ಮಲಿಕ್ ರಿಹಾನನ ಗೋರಿ, ಜುಮ್ಮಾ ಮಸೀದಿ ಆ ವೈಭವಕ್ಕೆ ಸಾಕ್ಷಿ. ಮುಂದೆ ಟಿಪ್ಪುವು ಇಲ್ಲಿನ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಅಂಗಡಿಗೆ ಬೀಗ ಹಾಕಿ, ಹಿರಿಯರನ್ನು ಗಾಡಿಯಲ್ಲಿ ಕೂರಿಸಿಕೊಂಡು ನಡೆದವರ ಮಾತನ್ನು ಬರೆದವರಾರು? ರೋಮಿನ ಟ್ಯಾಸಿಟಸನು ಬ್ರಿಟನ್ನನ್ನು ಗೆದ್ದ ತನ್ನ ಮಾವನ ಚರಿತ್ರೆಯನ್ನು ಬರೆಯುವಾಗ, ಸಾಮ್ರಾಜ್ಯವನ್ನು ಜರೆಯುವ ಅತ್ಯುತ್ತಮವಾದ ಭಾಷಣವನ್ನು ಆ ಮಾವನಿಗೆ ಸೋತ ನಾಯಕನ ಬಾಯಲ್ಲಿಟ್ಟನು. ಸಿರಾಕ್ಕೆ ಅಂತಹ ಲೇಖಕನು ಇನ್ನೂ ಬರಬೇಕಾಗಿದೆ.

ಇನ್ನು ತಂದೆತಾಯಿಯರ ಪ್ರಶ್ನೆಗಳು. ದೂರ ಹೋಗಲೇಬೇಕು, ಎಂ.ಎ. ತರಗತಿಗೆ ಸೇರುವ ಮೊದಲೇ ಎರಡು ಭಾಷೆಗಳಲ್ಲೂ ಕೆಲವು ವರ್ಷಗಳ ಪಳಗಿಕೆ ಬೇಕು. ತಡವಾಗಿ ಆರಂಭಿಸಿದವರಿಗೆಂದೇ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಸಿದ್ಧತೆಯ ತರಗತಿಗಳುಂಟು, ವೆಚ್ಚವೂ ಉಂಟು. ಕೆಲಸಗಳು ವಿರಳ. ಈ ಸತ್ಯವನ್ನು ಹುಡುಗನಿಂದ ಮುಚ್ಚಿಡಬಾರದು. ಆದರೆ ಹಳಗನ್ನಡದಲ್ಲಿ ಪಳಗಿದವನಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಶಾಸ್ತ್ರ ಯುರೋಪಿನಲ್ಲಿ ಬೆಳೆದದ್ದು ಬಹುಮಟ್ಟಿಗೆ ಗ್ರೀಕ್, ಲ್ಯಾಟಿನ್ ಗ್ರಂಥಗಳ ಮೇಲೆಯೇ, ಡಿ.ಎಲ್. ನರಸಿಂಹಾಚಾರ್ಯರು 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಆ ಶಾಸ್ತ್ರವನ್ನು ಕನ್ನಡದ ವಿದ್ಯಾರ್ಥಿಗಳ ಮುಂದಿಟ್ಟರು. ಕೊರಟಗೆರೆಯ ಹುಡುಗನು ಪಂಪನಿಂದ ಆರಂಭಿಸಲಿ, ಹೋಮರನು ಕಾದಿರುತ್ತಾನೆ.

ಸಿರಾದಿಂದ ವಾಯವ್ಯಕ್ಕೆ ಹೊರಟ ಬಸ್ಸು ಚಿತ್ರದುರ್ಗವನ್ನು ಮುಟ್ಟುತ್ತದೆ. ಅಲ್ಲಿನ ಚಂದ್ರವಳ್ಳಿಯ ಮಣ್ಣಿನಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಸವೆದ ಅಂಚಿನ ಮೇಲೆ ಲ್ಯಾಟಿನ್ ಅಕ್ಷರಗಳು. ಎರಡು ಸಾವಿರ ವರ್ಷಗಳ ಹಿಂದೆ ಈ ಬಯಲುಸೀಮೆಯ ವರ್ತಕನೊಬ್ಬನು ಆ ನಾಣ್ಯವನ್ನು ಕೈಯಲ್ಲಿ ತೂಗಿ ನೋಡಿದ್ದಾನು. ಅಕ್ಷರಗಳನ್ನು ಓದಲು ಅವನಿಗೆ ಬಂದಿರಲಾರದು. ಈ ಕಡೆಯ ಮಕ್ಕಳಲ್ಲಿ ಒಬ್ಬರಾದರೂ ಅದನ್ನು ಓದುವಂತಾದರೆ, ಅಜ್ಜನ ಪ್ರಶ್ನೆಯ ಉಳಿದರ್ಧಕ್ಕೂ ಉತ್ತರ ದೊರೆತಂತೆಯೇ.