ಸರೋಜ ಎಂದು ಕೂಗಿದರೆ

ಸರೋಜ ಎಂಬ ಹೆಸರು ನನಗೆ ತುಂಬ ಇಷ್ಟ. ಮೂರೇ ಅಕ್ಷರ. ನಡುವಿನ ‘ರೋ’ ಎಳೆದು ಕರೆಯಲೆಂದೇ ಇರುವಂಥದ್ದು; ಬಾವಿಕಟ್ಟೆಯಿಂದ ಕೂಗಿದರೂ ಹಿತ್ತಿಲ ಕೊನೆಗೆ ಮುಟ್ಟುತ್ತದೆ.

ಸರಸ್ಸಿನಲ್ಲಿ ಹುಟ್ಟಿದ ತಾವರೆಯೇ ಸರೋಜ. ಅದರ ಒಡಹುಟ್ಟಿದವರೆಷ್ಟು! ಪಂಕಜ, ಜಲಜ, ವನಜ, ನೀರಜ, ಅಂಬುಜ, ವಾರಿಜ. ಅಕ್ಕ ಜಲಜ, ತಂಗಿ ವನಜ ಆಗಿರುವ ಮನೆಗಳು ಎಲ್ಲ ಊರಲ್ಲೂ ಇದ್ದವು.

ಅದಕ್ಕೂ ಹಿಂದೆ ಹೋದರೆ ಊರ ತುಂಬ ಪುಟ್ಟಮ್ಮ, ಕೆಂಪಮ್ಮ, ನಿಂಗಮ್ಮ, ಚೆನ್ನವ್ವ. ಹೆಣ್ಣುಮಕ್ಕಳು ಸ್ಲೇಟು ಹಿಡಿದು ಶಾಲೆಗೆ ಹೊರಟ ಮೇಲೆ ಹಾಜರಿ ಪುಸ್ತಕಕ್ಕೆ ಸರೋಜ, ಕಮಲ, ವಿಮಲ ಬಂದರು. 1925ರಲ್ಲಿ ಸರೋಜಿನಿ ನಾಯ್ಡು ಕಾನ್ಪುರದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷೆಯಾದರು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಸರೋಜಾದೇವಿ 1955ರ ‘ಮಹಾಕವಿ ಕಾಳಿದಾಸ’ ಚಿತ್ರದಿಂದ ಹೆಸರಾಗಿ, ತಮಿಳು, ತೆಲುಗು, ಹಿಂದಿಗೂ ಹೋಗಿ, ಇಲ್ಲಿಗೆ ಬಂದು ತೆರೆಯ ಮೇಲೆ ಕಿತ್ತೂರು ಚೆನ್ನಮ್ಮನೂ ಆದರು. ಶಾಲೆಯ ಹೆಸರಿಗೆ ಬೆಡಗೂ ಸೇರಿತು.

ಆಮೇಲೆ ಆಶಾ, ಗೀತಾ. ಆಮೇಲೆ ಕಾವ್ಯ, ರಮ್ಯ. ಈಗ ಆದ್ಯ, ಅನನ್ಯ. ಸರೋಜ ಉಳಿದಿರುವುದು ಹೆಚ್ಚಾಗಿ ಸ್ಟೀಲ್ ಪಾತ್ರೆಗಳ ಮೇಲೆ. ನಮ್ಮ ಸರೋಜತ್ತೆಯ ಚೊಂಬು ನನ್ನ ಬಳಿ ಇದೆ. ಕಂಠದ ಮೇಲೆ ಅಂಗಡಿಯವನು ಮಿಷನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ಜಾಗ ಸಾಲದೆ ‘ರೋ’ದ ದೀರ್ಘ ‘ಜ’ಕ್ಕೆ ತಾಗಿಕೊಂಡಿದೆ, ಕೆಳಗೆ ಮದುವೆಯ ತಾರೀಖು. ಇಷ್ಟು ವರ್ಷ ನಾರು ಹಾಕಿ ತಿಕ್ಕಿದರೂ ಒಂದು ಚುಕ್ಕಿ ಅಳಿದಿಲ್ಲ.

ಹಿಂದೆಲ್ಲ ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುತ್ತಿತ್ತು. ಅತ್ತೆಯ ಹೆಸರೆತ್ತುವುದು ಸೊಸೆಗೆ ಸಲ್ಲದು. ಹಾಗಾಗಿ ಕರೆಯುವುದಕ್ಕೆ ಪುಟ್ಟಿ, ಬೇಬಿ ಎಂದು ಇನ್ನೊಂದು ಇರುತ್ತಿತ್ತು. ಶಾಲೆಗೆ ಸೇರಿಸುವಾಗ ಮಾತ್ರ ಅಜ್ಜಿಯ ಹೆಸರೇ. ಈಗ ಅದು ತಿರುಗುಮುರುಗಾಗಿದೆ. ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಚಿನ್ನದ ಉಂಗುರ ಹಿಡಿದು ನಾಲ್ಕಾರು ಹೆಸರು ಬರೆಯುತ್ತಾರೆ, ಅಜ್ಜಿಯದೂ ಒಂದಿರುತ್ತದೆ. ಮಗುವಿನ ಕಿವಿಯಲ್ಲಿ ಒಮ್ಮೆ ಹೇಳಿದರೆ ಅದರ ಕೆಲಸ ಮುಗಿಯಿತು. ಜನನ ಪ್ರಮಾಣಪತ್ರಕ್ಕೆ ಹೋಗುವವಳು ಆದ್ಯ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಗುವಿಗೊಂದು ಹೆಸರು ಹೇಳಿ ಎಂದು ಕೇಳಿದವರಿಗೆಲ್ಲ ನಾನು ಸರೋಜ ಎನ್ನುತ್ತೇನೆ. ಹಳೆಯದಾಯಿತಲ್ಲವೇ ಎನ್ನುತ್ತಾರೆ. ತರಗತಿಯಲ್ಲಿ ಇನ್ನೊಬ್ಬ ಸರೋಜ ಇರುವುದಿಲ್ಲ, ಇನಿಷಿಯಲ್ ಹಚ್ಚಿ ಕರೆಯಬೇಕಾಗಿಲ್ಲ, ಎಂದು ಹೇಳಿ ನೋಡುತ್ತೇನೆ. ಒಂದಿಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದಿದ್ದಾರೆ.