ನಾಗಲಗಿದ್ದದ ಕರಿ ನಂಬರ್ ಪ್ಲೇಟು

ಯಶವಂತಪುರದಲ್ಲಿ ರಾತ್ರಿ ಹತ್ತಿದ ರೈಲು ನನ್ನನ್ನು ಬೀದರಿನಲ್ಲಿ ಇಳಿಸಿದಾಗ ಡಿಸೆಂಬರಿನ ಚಳಿ ಕಿವಿ ಕೊರೆಯುತ್ತಿತ್ತು. ನಾನು ಮೈಸೂರಿನವನು. ಮನೆಯಿಂದ ಎಂಟುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಷ್ಟು ದೂರ ಬಂದದ್ದು ಮೈಸೂರಿನಲ್ಲೇ ತಯಾರಾದ ಒಂದು ಮೋಟಾರ್ ಸೈಕಲ್ ನೋಡಲಿಕ್ಕೆ ಎಂದಾಗ ಸ್ಟೇಷನ್ ಹೊರಗಿನ ಆಟೋದವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಅಲ್ಲೇ ಸಿಗಲಿಲ್ಲೇನ್ರಿ?" ಎಂದ.

ಸಿಗುತ್ತವೆ, ಬೇಕಾದಷ್ಟು. ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ-ಯೆಜ್ಡಿ ಬೈಕುಗಳ ಹಬ್ಬವಾದ ಜಾವಾ ದಿನದಂದು, ಮೈಸೂರು ಬೆಂಗಳೂರುಗಳಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಆದರೆ ಹೊಸ ಕ್ರೋಮು, ಹೊಸ ಬಣ್ಣ, ಹೊಸ ಸೀಟು ಹಾಕಿಸಿಕೊಂಡು ಮದುವೆ ಮನೆಯ ಬೀಗರಂತೆ ನಿಂತ ಬೈಕುಗಳನ್ನು ನೋಡಿ ನೋಡಿ ನನ್ನ ಕಣ್ಣು ದಣಿದಿತ್ತು. ಬೀದರಿನ ಗೆಳೆಯನೊಬ್ಬ ಕಳಿಸಿದ ಫೋಟೋದಲ್ಲಿದ್ದದ್ದು ಬೇರೆಯದೇ ಜಾತಿ: 1990ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್, ಅಂದಿನಿಂದ ಒಬ್ಬರೇ ಮಾಲೀಕರು, ಒಮ್ಮೆಯೂ ಮರುಬಣ್ಣ ಕಾಣದ ಮೈ.

ಗೆಳೆಯ ಬರುವುದು ತಡವಾದ್ದರಿಂದ ಮಹಮೂದ್ ಗವಾನನ ಮದರಸಾಕ್ಕೆ ಹೋದೆ. 1472ರ ಕಟ್ಟಡ. 1696ರ ಸ್ಫೋಟದಲ್ಲಿ ಮುಂಭಾಗದ ಅರ್ಧ ಹಾರಿಹೋಗಿದೆ. ಉಳಿದ ಮಿನಾರಿನ ಮೇಲೆ ಅಲ್ಲಲ್ಲಿ ನೀಲಿ ಹೆಂಚು ಇನ್ನೂ ಬೆಳಗಿನ ಬಿಸಿಲಿಗೆ ಮಿನುಗುತ್ತದೆ, ಬಿದ್ದುಹೋದಲ್ಲಿ ಬರೀ ಕಲ್ಲು. ಕಲ್ಲಿನ ಪಕ್ಕದಲ್ಲಿ ಆ ನೀಲಿ ಎಷ್ಟು ನೀಲಿಯಾಗಿ ಕಂಡಿತೆಂದರೆ, ಗೆಳೆಯ ಬಂದು ಹಾರ್ನ್ ಹೊಡೆದದ್ದೂ ಕೇಳಿಸಲಿಲ್ಲ.

ಬೀದರಿನ ಕೆಂಪು ಮುರ್ರಂ ನೆಲ ಇಳಿದು ಮಾಂಜ್ರಾ ನದಿ ದಾಟಿದರೆ ಕರಿಮಣ್ಣು. ತೊಗರಿ ಕಾಯಿ ಕಟ್ಟಿತ್ತು, ಜೋಳ ಮೊಳಕಾಲುದ್ದ ನಿಂತಿತ್ತು. ಗಡಿ ಎಲ್ಲಿ ಬಂತೆಂದು ಹೊಲ ಹೇಳಲಿಲ್ಲ, ಅಂಗಡಿಯ ಬೋರ್ಡು ಹೇಳಿತು. ಅಕ್ಷರ ತೆಲುಗಾಯಿತು. ಅದರ ಕೆಳಗೆ ಕೂತು ಬೀಡಿ ಸೇದುತ್ತಿದ್ದವರ ಮಾತು ಮಾತ್ರ ಕನ್ನಡ, ನಡುನಡುವೆ ದಖನಿ.

ನಾಗಲಗಿದ್ದದಲ್ಲಿ ಆ ಗಾಡಿಯ ಮಾಲೀಕರು, ಓಣಿಗೆಲ್ಲ ಕಾಕಾ, ಬಾಗಿಲಲ್ಲೇ ಕಾದಿದ್ದರು. ನಿವೃತ್ತ ಗಣಿತ ಮೇಷ್ಟ್ರು. ಮಕ್ಕಳಿಗೆ ಕಲಿಸಿದ್ದು ತೆಲುಗಿನಲ್ಲಿ, ಮನೆಯ ಮಾತು ಕನ್ನಡ. ಗಾಡಿ ತೋರಿಸುವ ಮೊದಲು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದಿಟ್ಟರು. "ಉಂಡು ನೋಡ್ರಿ. ಅದೆಲ್ಲಿ ಓಡಿ ಹೋಗ್ತದ?"

ಉಣ್ಣುತ್ತಾ ಊರಿನ ಕಥೆ ಕೇಳಿದೆ. ಈ ಊರಿದ್ದ ನಾರಾಯಣಖೇಡ ತಾಲೂಕು ಮೊದಲು ನಿಜಾಮರ ಹೈದರಾಬಾದ್ ರಾಜ್ಯದಿಂದ ಬಂದ ಬೀದರ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಬೀದರು ಮೈಸೂರು ರಾಜ್ಯಕ್ಕೆ ಬಂತು, ನಾರಾಯಣಖೇಡ ಮೇದಕ ಜಿಲ್ಲೆಗೆ ಸೇರಿ ಆಂಧ್ರಕ್ಕೆ ಹೋಯಿತು. 2014ರಲ್ಲಿ ತೆಲಂಗಾಣ. 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ, ನಾಗಲಗಿದ್ದವೇ ಒಂದು ಮಂಡಲ. "ನಾ ಹುಟ್ಟಿದ್ದು ಬೀದರ ಜಿಲ್ಲಾದಾಗ. ಸಾಲಿಗಿ ಹೋಗೂದ್ರಾಗ ಮೇದಕ ಆಯ್ತು. ಈಗ ಸಂಗಾರೆಡ್ಡಿ ಅಂತಾರ. ನಾ ಎಲ್ಲೂ ಹೋಗಿಲ್ರಿ, ಇಲ್ಲೇ ಕುಂತೀನಿ."

ಆಮೇಲೆ ಒಳಗಿನ ಪಡಸಾಲೆಗೆ ಕರೆದೊಯ್ದು ಹಳೆಯ ಕೌದಿ ಎಳೆದರು.

ಮೊದಲು ಕಣ್ಣಿಗೆ ಬಿದ್ದದ್ದು ನಂಬರ್ ಪ್ಲೇಟು. ಕರಿ ಹಲಗೆಯ ಮೇಲೆ ಬಿಳಿ ಅಕ್ಷರ, ಕುಂಚ ಹಿಡಿದು ಬರೆದದ್ದು: ಎಪಿ 23, ಅಂದರೆ ಆಂಧ್ರದ ಮೇದಕ. ಇಂದು ಈ ಊರಿನವರು ಹೊಸ ಗಾಡಿ ತಂದರೆ ಟಿಜಿ 15 ಎಂದು ಬರುತ್ತದೆ. ರಾಜ್ಯ ಹೋಯಿತು, ಜಿಲ್ಲೆ ಹೋಯಿತು, ಕರಿ ಪ್ಲೇಟಿನ ಕಾಲವೂ ಹೋಯಿತು. ಅಕ್ಷರದ ಮೇಲೆ ಯಾರೂ ಮತ್ತೊಮ್ಮೆ ಕುಂಚ ಆಡಿಸಿಲ್ಲ.

ಟ್ಯಾಂಕು ಹಣ್ಣಾದ ದಾಳಿಂಬೆಯ ಬಣ್ಣದ್ದು. ಮೊಣಕಾಲು ಒತ್ತುವ ಎರಡೂ ಕಡೆ ಬಣ್ಣ ಸವೆದು ಪ್ರೈಮರ್ ಕಾಣುತ್ತದೆ, ಅದರ ನಡುವೆ ಬೊಗಸೆಯಷ್ಟು ಜಾಗದಲ್ಲಿ ತಗಡೇ ಹೊಳೆಯುತ್ತದೆ. ಮೂವತ್ತೈದು ವರ್ಷ ಒಬ್ಬನೇ ಮನುಷ್ಯನ ಪ್ಯಾಂಟು ಉಜ್ಜಿ ಮಾಡಿದ ಕೆಲಸ ಅದು. ಎಡಗಡೆಯದು ಬಲಕ್ಕಿಂತ ಒಂದಿಂಚು ಮೇಲಕ್ಕಿದೆ. ಕಾಕಾ ನಡೆಯುವಾಗ ನೋಡಿದೆ, ಅವರು ಒಂದು ಕಡೆಗೆ ಕೊಂಚ ವಾಲುತ್ತಾರೆ! ಕೂತವರ ಅಳತೆಯನ್ನು ಗಾಡಿ ತೆಗೆದಿಟ್ಟುಕೊಂಡಿದೆ. ಮೈ ನವಿರೆದ್ದಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಬಲಗಡೆ ಸೈಲೆನ್ಸರಿನ ಡೆಂಟು, ಕತ್ತಲಲ್ಲಿ ಅಡ್ಡ ಬಂದ ಎಮ್ಮೆಯದು. ಹಿಂದಿನ ಮಡ್‌ಗಾರ್ಡಿನ ಗೀರುಗಳು ತೊಗರಿ ಚೀಲ ಕಟ್ಟಿದ ಹಗ್ಗದವು. ಟ್ಯಾಂಕಿನ ಮೂಲೆಯ ತಗ್ಗಿಗೆ ತಾರೀಖೇ ಇದೆ: 1993ರ ಸೆಪ್ಟೆಂಬರ್ 30, ಕಿಲ್ಲಾರಿ ಭೂಕಂಪದ ನಸುಕು. "ಭೂಮಿ ನಡುಗಿ ಬಿತ್ತೋ, ಅಂಜಿ ಹೊರಗ ಓಡೂಮುಂದ ನಾವೇ ಕೆಡವಿದೆವೋ, ಇವತ್ತಿಗೂ ಮನ್ಯಾಗ ಜಗಳದ್ರಿ," ಎಂದರು. ಒಳಗಿನಿಂದ ಕಾಕಿಯ ದನಿ ಬಂತು: "ನಾ ಕೆಡವಿಲ್ಲ."

ರೋಡ್‌ಕಿಂಗ್ ಹುಟ್ಟಿದ ಕಥೆಯನ್ನು ನಾನು ಹೇಳಿದೆ, ಅವರು ಕೇಳಿದರು. ಪಾರ್ಸಿ ಕುಟುಂಬದ ರುಸ್ತುಂ ಇರಾನಿ, ಫರೋಖ್ ಇರಾನಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಗಾಡಿ ಹೊರಬಂದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1978ರ ರೋಡ್‌ಕಿಂಗ್ ಆ ಮನೆಯ ಪೈಲ್ವಾನ. 250 ಸಿಸಿ, 16 ಕುದುರೆಶಕ್ತಿ, ಸಿಲಿಂಡರು ಒಂದೇ ಆದರೂ ಸೈಲೆನ್ಸರು ಎರಡು. ಮದ್ರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲಿ ಯೆಜ್ಡಿಗಳ ಗುಡುಗು ಕೇಳಿದವರು ಅದನ್ನು ಮರೆತಿಲ್ಲ. ಸ್ಪೋರ್ಟ್ಸ್ ಕಾರು ಬರೀ ಸಿನಿಮಾದಲ್ಲಿ ಕಾಣುತ್ತಿದ್ದ ಕಾಲದಲ್ಲಿ ನಮ್ಮ ಪಾಲಿನ ಸ್ಪೋರ್ಟ್ಸ್ ಕಾರು ಇದೇ. ಆಮೇಲೆ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುವ ಕಾಲ ಬಂತು. ಜಪಾನಿನ ಸಹಯೋಗದ ಹಗುರ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆಯ ಗೇಟು ಮುಚ್ಚಿತು. 2018ರಲ್ಲಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದ ಕಂಪನಿಯಲ್ಲಿ ಮಹೀಂದ್ರಾ ಪಾಲಿದೆ ಎಂದಾಗ ಕಾಕಾ, "ನಮ್ ಜಹೀರಾಬಾದ್ ಟ್ರ್ಯಾಕ್ಟರ್ ಕಂಪನಿಯವ್ರೇನು?" ಎಂದು ಬೆರಗಾದರು. ಹೌದು, ಅವರೇ.

"ಇದನ್ನ ರೆಸ್ಟೋರ್ ಮಾಡಿಸಬೇಕು ಅಂತ ಅನ್ನಿಸಲಿಲ್ಲವೇ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು.

"ರಂಗ್ ಹೊಡಿಸಿದ್ರ ಅದು ಬ್ಯಾರೆದವರ ಗಾಡಿ ಆಗ್ತದ್ರಿ."

ಹಾಗೆಂದು ಪೂಜೆಗೆ ಇಟ್ಟದ್ದೂ ಅಲ್ಲ. ಟೈರು, ಚೈನು, ಕ್ಲಚ್ ಪ್ಲೇಟು, ಪಿಸ್ಟನ್ ರಿಂಗು ಸವೆದಾಗ ಬದಲಾಗಿವೆ. ಇಂಜಿನ್ ಒಮ್ಮೆ ಬೋರ್ ಮಾಡಿಸಿದ್ದಾರೆ. ಓಡಲು ಬೇಕಾದದ್ದನ್ನು ಹಾಕಿಸಿದ್ದಾರೆ, ನೋಡಲು ಬೇಕಾದದ್ದನ್ನು ಮುಟ್ಟಿಲ್ಲ. ವ್ಯತ್ಯಾಸ ಇಷ್ಟೇ, ಮತ್ತು ಇದೇ ಕಷ್ಟದ್ದು.

ನನಗೆ ಅಮೆರಿಕದ ಇರ್ವ್ ಗಾರ್ಡನ್ ನೆನಪಾದರು. ಅವರೂ ಮೇಷ್ಟ್ರೇ, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ವಿಜ್ಞಾನ ಕಲಿಸಿದವರು. 1966ರಲ್ಲಿ ಕೊಂಡ ಕೆಂಪು ವೋಲ್ವೊ 1800 ಎಸ್ ಸ್ಪೋರ್ಟ್ಸ್ ಕಾರನ್ನು 2018ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. 2013ರಲ್ಲಿ ಅಲಾಸ್ಕಾದ ರಸ್ತೆಯಲ್ಲಿ ಅದರ ಮೀಟರು 30 ಲಕ್ಷ ಮೈಲಿ ಮುಟ್ಟಿತು, ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರು. ಕಾಕಾಗೆ ಹೇಳಿ, "ನಿಮ್ಮದು ಎಷ್ಟಾಗಿದೆ?" ಎಂದು ಮೀಟರಿನ ಕಡೆ ಬಗ್ಗಿದೆ. ಅಂಕಿಗಳು ಎಂದೋ ನಿಂತುಹೋಗಿದ್ದವು. ಕೇಬಲ್ ಹರಿದು ಎಷ್ಟೋ ವರ್ಷವಾಗಿದೆ. "ಗಣಿತ ಸಾಲ್ಯಾಗ ಮಾಡಿದ್ದೇ ಸಾಕಾಗ್ಯದ," ಎಂದರು.

ಇನ್ನು ಹೊರಡೋಣವೆಂದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಶಾಸ್ತ್ರ ಮುಗಿಯಬೇಕು. ಈ ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನೊಳಗೇ ಎಣ್ಣೆ ಹೋಗಬೇಕು. ಕಾಕಾ ಕೆಮ್ಮಿನ ಔಷಧಿಯ ಹಳೆ ಬಾಟ್ಲಿಯಲ್ಲಿ ಟೂ-ಟಿ ಆಯಿಲ್ ಅಳೆದು ಸುರಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರು. ಆಮೇಲೆ ಆ ಜಾದೂ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ, ಮೇಲೆತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ಚಿಕ್ಕಂದಿನಿಂದ ನೋಡಿದ್ದರೂ ಇವತ್ತೂ ಬಾಯಿಬಿಟ್ಟು ನೋಡಿದೆ. ಮೂರನೇ ಒದೆತಕ್ಕೆ ಪಡಸಾಲೆ ನೀಲಿ ಹೊಗೆಯಲ್ಲಿ ಮುಳುಗಿತು. ಓಣಿಯ ಹುಡುಗರು "ಕಾಕಾ ಕೀ ಗಾಡಿ ಚಾಲೂ ಹೋಗಯೀ!" ಎಂದು ಕೂಗುತ್ತಾ ಓಡಿಬಂದರು.

ಹಿಂದೆ ಕೂತೆ. ಗೇರು ಏರಿದಂತೆ ಆ ಎರಡು ಸೈಲೆನ್ಸರುಗಳ ಗುಡುಗುಡು ಒಂದೇ ಎಳೆಯ ಶ್ರುತಿಯಾಯಿತು. ಎರಡೂ ಕಡೆ ತೊಗರಿ, ಎದುರಿಗೆ ಬೀದರಿನಿಂದ ಬರುವ ಗಾಳಿ. ನಮ್ಮ ಊರಿನ ಸದ್ದು ಅದು. ಯಾದವಗಿರಿಯಲ್ಲಿ ಈಗ ಕೇಳದ ಸದ್ದು ಕನ್ನಡ ನಾಡಿನ ಇನ್ನೊಂದು ತುದಿಯನ್ನೂ ದಾಟಿ ತೆಲಂಗಾಣದ ಹೊಲದ ದಾರಿಯಲ್ಲಿ ಕೇಳುತ್ತಿತ್ತು. ಕಾಕಾ ಹಿಂದಿರುಗಿ ಏನೋ ಕೂಗಿದರು. ಗಾಳಿಗೆ ಕೇಳಿಸಲಿಲ್ಲ, ಆದರೂ "ಹೂಂ" ಅಂದೆ. ಹೊಲ ಮುಟ್ಟಿದ ಮೇಲೆ ತಿಳಿಯಿತು, ಅವರು ಕೇಳಿದ್ದು "ನೀವು ಹೊಡೀತೀರೇನ್ರಿ?" ಎಂದು. ಬೀಗದ ಕೈ ಚಾಚಿ ನಿಂತಿದ್ದರು. ಆ ಟ್ಯಾಂಕಿನ ಮೇಲೆ ನನ್ನ ಮೊಣಕಾಲು ಒತ್ತಲು ಧೈರ್ಯ ಬರಲಿಲ್ಲ. ಮತ್ತೆ ಹಿಂದೆಯೇ ಕೂತು ಬಂದೆ.

ಆ ಕಡೆ ಹೋಗುವವರು ಕಾಕಾಗೆ ಒಂದು ಡಬ್ಬಿ ಟೂ-ಟಿ ಆಯಿಲ್ ಒಯ್ಯಿರಿ. ಅವರು ಅದನ್ನು ಬೀದರಿನಿಂದ ತರಿಸಿಕೊಳ್ಳುತ್ತಾರೆ. ಪಾಲಿಷ್ ಡಬ್ಬಿ ಮಾತ್ರ ಬೇಡ.