ಶರಾವತಿಯ ಹಿನ್ನೀರಿನಲ್ಲಿ ಎರಡು ದಿನ

ಬೇಸಿಗೆ ರಜೆ ಬಂತೆಂದರೆ ಮಕ್ಕಳದ್ದು ಒಂದೇ ಹಟ, "ಎಲ್ಲಿಗಾದರೂ ಹೋಗೋಣ." ಎಲ್ಲಿಗೆ ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಊಟಿ, ಕೊಡೈಕೆನಾಲ್ ಎಂದರೆ ಖರ್ಚು ಹೆಚ್ಚು, ಗಂಡಸರಿಗೆ ಅಷ್ಟು ದಿನ ರಜೆಯೂ ಸಿಗದು. ಕಡಲ ತೀರವಂತೂ ಮಂಗಳೂರಿನವರಿಗೆ ಮನೆಯ ಹಿತ್ತಿಲಿದ್ದಂತೆ. ಶನಿವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು, ಮಂಡಿ ನೋವಿನ ಅತ್ತೆಗೂ ಆಯಾಸವಾಗಬಾರದು, ಐದು ವರ್ಷದ ಕಿರಿಯವನಿಗೂ ಬೇಸರವಾಗಬಾರದು. ಹೀಗೆಲ್ಲ ಲೆಕ್ಕ ಹಾಕಿ 2015ರ ಮೇ ತಿಂಗಳಲ್ಲಿ ನಾವು ಆರಿಸಿಕೊಂಡ ದಾರಿ ಇದು: ಕೊಲ್ಲೂರು, ತುಮರಿ, ಲಾಂಚ್‌ನಲ್ಲಿ ಶರಾವತಿ ಹಿನ್ನೀರು ದಾಟಿ ಸಾಗರ, ಮರುದಿನ ಜೋಗ, ಅಲ್ಲಿಂದ ಹೊನ್ನಾವರಕ್ಕೆ ಇಳಿದು ಮನೆ.

ಎರಡು ಕಾರು, ಹನ್ನೊಂದು ಮಂದಿ. ಹೊರಡುವ ಮೊದಲೇ ನಾನು, ನನ್ನ ನಾದಿನಿ ಒಂದು ಷರತ್ತು ಹಾಕಿದ್ದೆವು. ಮನೆಯಲ್ಲಿ ವರ್ಷವಿಡೀ ಒಲೆ ಮುಂದೆ ನಿಲ್ಲುವವರು ನಾವು. ಪ್ರವಾಸಕ್ಕೆ ಹೋದಲ್ಲೂ ಸೌಟು ಹಿಡಿಯುವುದಾದರೆ ಅದು ರಜೆ ಹೇಗಾದೀತು? ಆದ್ದರಿಂದ ದಾರಿಯಲ್ಲಿ ಅಡುಗೆ ಗಂಡಸರದ್ದು. ನಮ್ಮ ಯಜಮಾನರು ಅವರ ತಂಗಿಯ ಗಂಡನ ಮುಖ ನೋಡಿದರು. ಭಾವ ನಕ್ಕು, "ಆಗಲಿ, ಆದರೆ ಮಸಾಲೆ ನೀವೇ ಕಡೆದು ಕೊಡಬೇಕು" ಎಂದರು. ಒಪ್ಪಂದವಾಯಿತು.

ಘಟ್ಟ ಹತ್ತಿ

ಫಜ್ರ್ ನಮಾಝ್ ಮುಗಿಸಿ ಹೊರಟೆವು. ಹಿಂದಿನ ರಾತ್ರಿಯೇ ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಳುಮೆಣಸು, ಬೆಳ್ಳುಳ್ಳಿ ಕಡೆದು ಕೋಳಿಗೆ ಸವರಿ, ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಇನ್ನೊಂದು ಪೆಟ್ಟಿಗೆಯಲ್ಲಿ ಮಸಾಲೆ ಹಚ್ಚಿದ ಬಂಗುಡೆ. ಜೀರಿಗೆ ಸಣ್ಣ ಅಕ್ಕಿ, ತುಪ್ಪ, ಹುರಿದ ತೆಂಗಿನ ತುರಿ, ದೊಡ್ಡದೊಂದು ಪಾತ್ರೆ, ಹಳೆಯ ಚಾಪೆ ಎಲ್ಲವೂ ಡಿಕ್ಕಿ ಸೇರಿದವು.

ಕುಂದಾಪುರ ದಾಟಿ ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿದರೆ ಕೊಲ್ಲೂರಿನ ದಾರಿ. ಕೊಲ್ಲೂರಿನ ನಂತರ ನಾಗೋಡಿ ಘಾಟಿ. ಮೂಕಾಂಬಿಕಾ ಅಭಯಾರಣ್ಯದ ನಡುವೆ ಸಾಗುವ ಈ ರಸ್ತೆಯಲ್ಲಿ ಮೇ ತಿಂಗಳಲ್ಲೂ ಬಿಸಿಲು ನೆಲ ಮುಟ್ಟುವುದು ಕಷ್ಟ. ಕರಾವಳಿಯ ಸೆಕೆಯಲ್ಲಿ ಬೆವರುತ್ತಿದ್ದ ಮಕ್ಕಳು ಕಾರಿನ ಗಾಜು ಇಳಿಸಿ ತಂಪು ಗಾಳಿಗೆ ಮುಖ ಒಡ್ಡಿದರು. ಘಟ್ಟ ಮುಗಿಯಿತೆಂದರೆ ಶಿವಮೊಗ್ಗ ಜಿಲ್ಲೆ. ಅಲ್ಲಿಂದ ತುಮರಿಯವರೆಗೆ ಸಣ್ಣ ಸಣ್ಣ ಹಳ್ಳಿಗಳು, ಅಡಿಕೆ ತೋಟಗಳು, ನಡುವೆ ಮೈಲಿಗಟ್ಟಲೆ ಕಾಡು. ಒಂದು ತಿರುವಿನಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕೆಳಗಿಳಿದು ನೀರಿನ ಅಂಚಿನಲ್ಲಿ ನಿಂತುಬಿಡುತ್ತಿತ್ತು. ಅದೇ ಕಳಸವಳ್ಳಿ. ಆಚೆ ದಡದಲ್ಲಿ ಅಂಬಾರಗೋಡ್ಲು. ನಡುವೆ ಸುಮಾರು ಎರಡು ಕಿಲೋಮೀಟರ್ ನೀರು.

ಲಾಂಚ್‌ನಲ್ಲಿ

ಹೊಳೆಬಾಗಿಲಿನ ಲಾಂಚ್ ಎಂದರೆ ಚಪ್ಪಟೆ ತಳದ ದೊಡ್ಡ ಕಬ್ಬಿಣದ ದೋಣಿ. ಮುಂಭಾಗದ ಹಲಗೆ ದಡಕ್ಕೆ ಇಳಿದಾಗ ಕಾರು, ಜೀಪು, ಬೈಕುಗಳು ಒಂದೊಂದಾಗಿ ಹತ್ತುತ್ತಿದ್ದವು. ಬಸ್ಸು ಕೂಡ! ನಮ್ಮ ಕಿರಿಯವನಿಗಂತೂ ಬಸ್ಸು ದೋಣಿ ಏರಿದ್ದನ್ನು ನಂಬಲಾಗಲಿಲ್ಲ. ವಾಹನಗಳ ಸಂದಿಯಲ್ಲಿ ಜನ, ಹಾಲಿನ ಕ್ಯಾನು, ಅಕ್ಕಿ ಮೂಟೆ, ಶಾಲೆಗೆ ರಜೆಯೆಂದು ಅಜ್ಜಿ ಮನೆಗೆ ಹೊರಟ ಮಕ್ಕಳು. ಅತ್ತೆಯನ್ನು ಕಾರಿನಲ್ಲೇ ಕೂರಿಸಿ ನಾವೆಲ್ಲ ಇಳಿದು ಕಂಬಿ ಹಿಡಿದು ನಿಂತೆವು.

ಬೇಸಿಗೆಯಾದ್ದರಿಂದ ನೀರು ಇಳಿದಿತ್ತು. ದಡದುದ್ದಕ್ಕೂ ಕೆಂಪು ಮಣ್ಣಿನ ಪಟ್ಟಿ, ನೀರಿನೊಳಗಿಂದ ಎದ್ದು ನಿಂತ ಒಣ ಮರಗಳ ಬೊಡ್ಡೆಗಳು. ಕಾಡು ಮುಳುಗಿ ದಶಕಗಳಾದರೂ ಆ ಮರಗಳು ಕೊಳೆಯದೆ ಕಪ್ಪಾಗಿ ನಿಂತಿದ್ದವು. ಗಾಳಿ ಬೀಸಿದಾಗ ನನ್ನ ದುಪಟ್ಟಾ ಹಾರಿ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಮುಖಕ್ಕೆ ಬಡಿಯಿತು. ಆಕೆ ನಗುತ್ತಾ ಅದನ್ನು ಸರಿಸಿ, "ಎಲ್ಲಿಂದ ಬಂದ್ರಿ ಅಕ್ಕಾ?" ಎಂದು ಮಾತಿಗಿಳಿದಳು. ತುಮರಿ ಕಡೆಯವಳು, ಮಗಳ ಮನೆಗೆ ಸಾಗರಕ್ಕೆ ಹೊರಟಿದ್ದಳು.

"ಮಕ್ಕಳಿಗೆ ಬಹಳ ಖುಷಿಯಾಗಿದೆ" ಎಂದೆ.

"ಖುಷಿ ಆಗ್ದೇ ಇರ್ತದಾ? ನಿಮಗಿದು ಮಜಾ ಅಕ್ಕಾ, ನಮಗೆ ಇದೇ ದಾರಿ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಸಂಜೆಯಾದರೆ ಲಾಂಚ್ ನಿಲ್ಲುತ್ತದೆ, ಆಮೇಲೆ ಆಸ್ಪತ್ರೆಗೆ ಹೋಗಬೇಕೆಂದರೆ ಕಾಡಿನ ದಾರಿಯಲ್ಲಿ ಸುತ್ತು ಬಳಸಿ ಹತ್ತಾರು ಕಿಲೋಮೀಟರ್ ಹೋಗಬೇಕು ಎಂದು ವಿವರಿಸಿದಳು. ಆಕೆಯ ಎರಡನೇ ಹೆರಿಗೆಯ ನೋವು ಶುರುವಾದದ್ದು ರಾತ್ರಿ ಒಂಬತ್ತಕ್ಕೆ. ಜೀಪು ಸಿಕ್ಕಿ, ಸುತ್ತು ದಾರಿ ಹಿಡಿದು, ಅರ್ಧ ದಾರಿಯಲ್ಲೇ ಮಗು ಹುಟ್ಟಿತಂತೆ. "ದೇವರು ದೊಡ್ಡವನು, ಇಬ್ಬರೂ ಉಳ್ಕೊಂಡ್ವಿ. ಅದಕ್ಕೇ ನಮ್ ಕಡೆ ಬಸುರಿ ಹೆಂಗಸ್ರನ್ನ ತಿಂಗಳು ತುಂಬೋ ಮೊದಲೇ ಆಚೆ ದಡದ ನೆಂಟ್ರ ಮನೆಲಿ ಬಿಡೂದು." ಕಡು ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಾರೆ ಎಂದಳು.

ಮೂರು ಹೆರಿಗೆ ಕಂಡ ನಮ್ಮ ನಾದಿನಿ ಸುಮ್ಮನೆ ಆಕೆಯ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಆಚೆ ದಡ ಬಂದಿತ್ತು. ನಮಗೆ ಇಪ್ಪತ್ತು ನಿಮಿಷದ ವಿಹಾರವಾಗಿದ್ದ ಆ ನೀರು ಇಡೀ ಕರೂರು, ಬಾರಂಗಿ ಹೋಬಳಿಯ ಜನರ ಮುಂದೆ ಹಗಲೂ ರಾತ್ರಿ ನಿಂತಿರುವ ಬಾಗಿಲು ಎಂಬುದು ಆಗ ಅರ್ಥವಾಯಿತು.

ನೀರಿನಡಿಯ ಊರುಗಳು

ಈ ನೀರು ಇಲ್ಲಿಗೆ ಬಂದದ್ದು ಹೇಗೆ? ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಹೆಚ್ಚು ಉದ್ದದ ನದಿಯೇನಲ್ಲ, ಆದರೆ ಘಟ್ಟದಿಂದ ಒಮ್ಮೆಲೇ ಧುಮುಕುವುದರಿಂದ ವಿದ್ಯುತ್ತಿಗೆ ಹೇಳಿ ಮಾಡಿಸಿದಂತಿದೆ. ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಬಂತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ರಾಜ್ಯದ ಬೇಡಿಕೆ ಹೆಚ್ಚಿದಾಗ 1964ರಲ್ಲಿ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಎದ್ದಿತು. ಅದರ ಹಿನ್ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ನೀರಿನಿಂದ ತಲೆ ಎತ್ತುತ್ತದೆ.

ಅಣೆಕಟ್ಟಿನ ಜೊತೆಗೆ ನೂರಾರು ಹಳ್ಳಿಗಳ ಮನೆ, ಗದ್ದೆ, ತೋಟ ಮುಳುಗಿದವು. ಸಾವಿರಾರು ಕುಟುಂಬಗಳು ಎತ್ತರದ ಕಾಡಿಗೆ, ಬೇರೆ ತಾಲೂಕುಗಳಿಗೆ ಎದ್ದು ಹೋದವು. ಇದ್ದ ಜಾಗದಲ್ಲೇ ಉಳಿದವರ ಊರುಗಳು ನಡುಗಡ್ಡೆಗಳಂತಾದವು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಮ್ಮ ಮನೆಯ ಫ್ಯಾನು, ಮಿಕ್ಸಿಗಳಿಗೆ ಬರುವ ವಿದ್ಯುತ್ತಿನಲ್ಲಿ ಇದರ ಪಾಲೂ ಇದೆ. ಸಾಗರದ ಸಾಹಿತಿ ನಾ. ಡಿಸೋಜರು ಈ ಮುಳುಗಡೆಯ ಸಂಕಟವನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರ ಮಾಡಿದಾಗ ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ಅಂಗಳದಲ್ಲಿ ಒಲೆ

ಸಾಗರದ ಹೊರವಲಯದಲ್ಲಿ ನಮ್ಮ ಯಜಮಾನರ ಸ್ನೇಹಿತರ ಮನೆ. ಹಿಂದೆ ದೊಡ್ಡ ಅಂಗಳ, ಅದರಾಚೆ ಅಡಿಕೆ ತೋಟ. ಝುಹರ್ ಮತ್ತು ಅಸರ್ ನಮಾಝನ್ನು ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಒಟ್ಟಿಗೆ ನಿರ್ವಹಿಸಿದ ಮೇಲೆ ಗಂಡಸರು ತೋಳು ಮಡಚಿದರು. ಮೂರು ಕಲ್ಲಿಟ್ಟು ಎರಡು ಒಲೆ, ಉರುವಲಿಗೆ ಒಣ ಸೋಗೆ, ತೆಂಗಿನ ಚಿಪ್ಪು. ಬೆಂಕಿ ಹತ್ತುವ ಮೊದಲು ಹೊಗೆ ಹತ್ತಿತು. ಕಣ್ಣೊರೆಸುತ್ತಾ ಊದುಕೊಳವೆ ಊದುತ್ತಿದ್ದ ತಂದೆಯನ್ನು ನೋಡಿ ನನ್ನ ಮಗಳು, "ಉಮ್ಮಾ, ಅಬ್ಬ ಅಳ್ತಾ ಇದ್ದಾರೆ" ಎಂದಾಗ ಎಲ್ಲರೂ ನಕ್ಕೆವು.

ಅತ್ತೆ ಕುರ್ಚಿ ಹಾಕಿಸಿಕೊಂಡು ಕುಳಿತು ಅಲ್ಲಿಂದಲೇ ಆಜ್ಞೆ ಕೊಡತೊಡಗಿದರು. "ತುಪ್ಪ ಕಾದ ಮೇಲೆ ಈರುಳ್ಳಿ. ಈಗ ಏಲಕ್ಕಿ, ಲವಂಗ. ಅಕ್ಕಿಯನ್ನು ಸೌಟಿನಿಂದ ಹೊಡೆಯಬೇಡ ಮಗಾ, ಮೆಲ್ಲ ತಿರುವು." ಭಾವ ಕೋಳಿ ಸುಕ್ಕ ಬೇಯಿಸಿ ಕೊನೆಯಲ್ಲಿ ಹುರಿದ ತೆಂಗಿನ ತುರಿ ಬೆರೆಸಿದರು. ಬಂಗುಡೆಗಳನ್ನು ಬಾಳೆ ಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಮಲಗಿಸಿದರು. ಎಲೆ ಕಪ್ಪಾಗುತ್ತಾ ಬಂದಂತೆ ಅಂಗಳವೆಲ್ಲ ಘಮಘಮ. ನೈಚೋರು ತಳದಲ್ಲಿ ಸ್ವಲ್ಪ ಸೀದಿತ್ತು, ಆದರೆ ಆ ಸೀದ ಪದರಕ್ಕೇ ಮಕ್ಕಳಲ್ಲಿ ಜಗಳ! ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಯಜಮಾನರು ನನಗೆ ಬಡಿಸಿ, ನಾನು ಮೊದಲು ಉಂಡದ್ದು ಅಂದೇ ಇರಬೇಕು. ಅಲ್‌ಹಮ್ದುಲಿಲ್ಲಾಹ್!

ಊಟದ ಹೊತ್ತಿಗೆ ನೆರೆಮನೆಯ ಅಜ್ಜಿಯೊಬ್ಬರು ಬೇಲಿಯಾಚೆಯಿಂದ ಒಂದು ಭರಣಿ ಚಾಚಿದರು. ಅಪ್ಪೆಮಿಡಿ ಉಪ್ಪಿನಕಾಯಿ. "ನಿಮ್ಮ ಅಡುಗೆ ನಾವು ತಿನ್ನೂದಿಲ್ಲ ತಂಗಿ, ನಮ್ಮ ಉಪ್ಪಿನಕಾಯಿ ನೀವು ತಿನ್ನಿ" ಎಂದರು. ಕಚ್ಚಿದರೆ ಜೀರಿಗೆಯ ಪರಿಮಳ. ಎಲ್ಲಿಯ ಮರ ಎಂದು ಅತ್ತೆ ಕೇಳಿದರು. ಅಜ್ಜಿ ಬೇಲಿಗೆ ಒರಗಿ ಹೇಳಿದ್ದು ಇಷ್ಟು: ಮದುವೆಯಾಗಿ ಹೋದ ಎರಡನೇ ವರ್ಷಕ್ಕೆ ಗಂಡನ ಊರು ಮುಳುಗಿತು. ಹೊಳೆ ದಂಡೆಯಲ್ಲಿ ಸಾಲಾಗಿ ಅಪ್ಪೆಮರಗಳಿದ್ದವು. ಕೊನೆಯ ಬಾರಿ ಮಿಡಿ ಕೊಯ್ದು ಭರಣಿ ತುಂಬಿಸಿ, ಎತ್ತಿನ ಗಾಡಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದರಂತೆ. ಈಗಿನ ಮರ ಆ ಹೊಳೆಸಾಲಿನದ್ದಲ್ಲ, ರುಚಿಯೂ ಅದಲ್ಲ ಎಂದರು. ಅತ್ತೆ ಎದ್ದು ಬೇಲಿಯ ಬಳಿ ಹೋಗಿ ನಿಂತರು. ಇಬ್ಬರೂ ಮಗ್ರಿಬ್ ತನಕ ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಅತ್ತೆ ನಮ್ಮಲ್ಲಿದ್ದ ಖರ್ಜೂರದ ಪೊಟ್ಟಣವನ್ನು ಖಾಲಿಯಾದ ಭರಣಿಯಲ್ಲಿ ತುಂಬಿಸಿ ಕೊಟ್ಟದ್ದು ಮಾತ್ರ ನೋಡಿದೆ.

ಜೋಗದಿಂದ ಹೊನ್ನಾವರಕ್ಕೆ

ಭಾನುವಾರ ಬೆಳಗ್ಗೆ ಜೋಗ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಶರಾವತಿ ಬೀಳುವ ಜಾಗ. ಮೇ ತಿಂಗಳಲ್ಲಿ ಕಂಡದ್ದು ಬಂಡೆಯ ಮೇಲಿನ ಬೆಳ್ಳಿ ಗೆರೆಗಳು ಮಾತ್ರ. "ಇಷ್ಟೇನಾ?" ಎಂದು ಮಕ್ಕಳು ಮುಖ ಸಣ್ಣ ಮಾಡಿದರು. ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿದೆ, ನಿನ್ನೆ ನಾವು ದಾಟಿದ್ದು ಅದನ್ನೇ ಎಂದಾಗ ದೊಡ್ಡವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಜೋಗದ ನೀರಿನ ಮೇಲೆಯೇ ನಮ್ಮ ಕಾರು ಹೋಯಿತಾ?" ಎಂದಳು. ತುಂಬಿ ಧುಮುಕುವ ಜೋಗ ನೋಡಬೇಕಾದರೆ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯದು. ಅಲ್ಲಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಕಡಲು ಸೇರುವಲ್ಲಿ ಶರಾವತಿ ವಿಶಾಲವಾಗಿ, ಶಾಂತವಾಗಿ ಹರಿಯುತ್ತಿತ್ತು. ಭಟ್ಕಳದಲ್ಲಿ ಚಹಾ ಕುಡಿದು ರಾತ್ರಿ ಮನೆ ಮುಟ್ಟಿದೆವು.

ಈಗ ಸೇತುವೆ

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾಯಿತು. ಎರಡೂಕಾಲು ಕಿಲೋಮೀಟರಿಗೂ ಮಿಕ್ಕಿದ ಉದ್ದ, 470 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚ. ಸೇತುವೆ ಬೇಕೆಂದು ಅಲ್ಲಿನ ಜನ ದಶಕಗಳ ಕಾಲ ಕೇಳುತ್ತಾ ಬಂದಿದ್ದರು. ಸುದ್ದಿ ಓದಿ ಮಗಳಿಗೆ ಸ್ವಲ್ಪ ಬೇಸರ, "ಇನ್ನು ಕಾರನ್ನು ಲಾಂಚಿಗೆ ಹತ್ತಿಸಲಿಕ್ಕಿಲ್ಲ ಅಲ್ವಾ?" ಎಂದಳು. ನನಗೆ ನೆನಪಾದದ್ದು ಕಂಬಿ ಹಿಡಿದು ನಿಂತಿದ್ದ ಆ ತುಮರಿಯ ಹೆಂಗಸು. ನಮ್ಮ ಇಪ್ಪತ್ತು ನಿಮಿಷದ ಮಜಾ ಹೋದರೆ ಹೋಗಲಿ, ರಾತ್ರಿ ಒಂಬತ್ತಕ್ಕೆ ನೋವು ಶುರುವಾದ ಹೆಣ್ಣುಮಗಳು ಈಗ ನಿಮಿಷಗಳಲ್ಲಿ ಆಚೆ ದಡ ಸೇರುತ್ತಾಳಲ್ಲ! ಪ್ರವಾಸಿಗರಿಗೆ ಚೆಂದ ಕಾಣುವುದೆಲ್ಲ ಅಲ್ಲಿ ಬದುಕುವವರಿಗೆ ಸುಖವಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಹೊರಡುವ ಮುನ್ನ

ಈ ದಾರಿಯಲ್ಲಿ ಹೋಗಬಯಸುವ ಸಹೋದರಿಯರಿಗೆ ಕೆಲವು ಮಾತು. ಅಭಯಾರಣ್ಯದೊಳಗೆ, ಹಿನ್ನೀರಿನ ದಡದಲ್ಲಿ ಒಲೆ ಹೂಡಬೇಡಿ. ಬೇಸಿಗೆಯ ಒಂದು ಕಿಡಿ ಮಲೆನಾಡಿನ ಗುಡ್ಡವನ್ನೇ ಸುಡಬಲ್ಲದು. ಪರಿಚಿತರ ಅಂಗಳದಲ್ಲೋ ಉಳಿದುಕೊಂಡ ಮನೆಯವರ ಒಪ್ಪಿಗೆ ಪಡೆದು ಅವರ ಜಾಗದಲ್ಲೋ ಅಡುಗೆ ಮಾಡಿ, ಹೊರಡುವಾಗ ಕೆಂಡಕ್ಕೆ ನೀರು ಸುರಿದು ಮಣ್ಣು ಮುಚ್ಚಿ. ಮಸಾಲೆ ಹಚ್ಚಿದ ಕೋಳಿ, ಮೀನನ್ನು ಮಧ್ಯಾಹ್ನದೊಳಗೆ ಬೇಯಿಸುವಷ್ಟೇ ಒಯ್ಯಿರಿ. ನಡುವೆ ಐಸ್ ಕರಗಿತೇ ಎಂದು ನೋಡುತ್ತಿರಿ.

ಹಿನ್ನೀರು ಮೇಲಿನಿಂದ ಶಾಂತವಾಗಿ ಕಂಡರೂ ಒಳಗೆ ಕೆಸರು, ಮರದ ಬೊಡ್ಡೆ, ಇದ್ದಕ್ಕಿದ್ದಂತೆ ಆಳ. ಮಕ್ಕಳನ್ನು ನೀರಿಗಿಳಿಸಬೇಡಿ. ಸಾಗರ ಸೀಮೆಯಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. 2019ರಲ್ಲಿ ಅರಳಗೋಡಿನಲ್ಲಿ ಅದು ಜೀವಗಳನ್ನು ಬಲಿ ಪಡೆದಿತ್ತು. ಕಾಡಿನ ಉಣ್ಣೆಯಿಂದ ಹರಡುವ ಈ ರೋಗ ಚಳಿಗಾಲ ಮತ್ತು ಬೇಸಿಗೆಯಲ್ಲೇ ಹೆಚ್ಚು. ಆದ್ದರಿಂದ ಕಾಡಿನ ತರಗೆಲೆಯ ಮೇಲೆ ಕೂರುವುದು ಬೇಡ, ಕೈಕಾಲು ಮುಚ್ಚುವ ಬಟ್ಟೆ ಇರಲಿ, ಸಂಜೆ ಬಂದು ಮಕ್ಕಳಿಗೆ ಸ್ನಾನ ಮಾಡಿಸಿ.

ಮತ್ತೊಂದು ಮಾತು. ಅಡುಗೆಯ ಷರತ್ತನ್ನು ಹೊರಡುವ ಮೊದಲೇ ಹಾಕಿಬಿಡಿ. ದಾರಿಯಲ್ಲಿ ಹೇಳಿದರೆ ಕೆಲಸ ಆಗುವುದಿಲ್ಲ!